ಬೋಗುಣಿ ಚಕ್ರದಿಂದ ಚಪ್ಪಟೆ ಚಕ್ರಕ್ಕೆ

1969ರಲ್ಲಿ ನಿಸ್ಸಾನ್ ಕಂಪನಿ ಜಪಾನಿನಲ್ಲಿ ಫೇರ್‌ಲೇಡಿ ಝಡ್ ಕಾರನ್ನು ಹೊರತಂದಿತು. ಅಮೆರಿಕದಲ್ಲಿ ಅದು ಡ್ಯಾಟ್ಸನ್ 240ಝಡ್ ಎಂದು ಮನೆಮಾತಾಯಿತು. ಉದ್ದ ಮೂಗು, ಆರು ಸಿಲಿಂಡರಿನ ಎಂಜಿನ್, ಕಣ್ಣು ಕೀಲಿಸುವ ಮೈಕಟ್ಟು. ಆದರೆ 240ಝಡ್‌ಗೆ ಕಾರ್ಖಾನೆ ತೊಡಿಸಿ ಕಳಿಸಿದ್ದು 14 ಇಂಚು ವ್ಯಾಸದ, ನಾಲ್ಕೂವರೆ ಇಂಚು ಅಗಲದ ಉಕ್ಕಿನ ಚಕ್ರ. ಅಂಥ ಕಾರಿಗೆ ಅದು ತೀರಾ ಬಡಕಲು. ಕೊಂಡವರಲ್ಲಿ ಅನೇಕರು ಮೊದಲು ಬದಲಿಸಿದ್ದೇ ಅದನ್ನು. ಯೊಕೊಹಾಮಾದ ಆರ್.ಎಸ್. ವಾಟನಾಬೆಯ ಎಂಟು ಕಡ್ಡಿಗಳ ಚಕ್ರ ಈ ಕಾರಿನ ಗುರುತೇ ಆಗಿಹೋಯಿತು. ಅಗಲವಾದ ರಿಮ್ಮು ಹೊರಗೆ ಚಾಚಿರುತ್ತಿತ್ತು, ಕಡ್ಡಿಗಳು ಬೋಗುಣಿಯ ತಳದಂತೆ ಆಳದಲ್ಲಿ ಕೂತಿರುತ್ತಿದ್ದವು.

ಆ ಆಳಕ್ಕೆ ಕಾರಣ ಆಫ್‌ಸೆಟ್. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆದರೆ, ಚಕ್ರವು ಹಬ್ಬಿಗೆ ಅಂಟಿಕೊಳ್ಳುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ದೂರದಲ್ಲಿದೆ ಎಂಬುದೇ ಅದರ ಲೆಕ್ಕ. ಮುಖ ಗೆರೆಯ ಮೇಲೇ ಇದ್ದರೆ ಸೊನ್ನೆ, ಹೊರಗಿದ್ದರೆ ಪ್ಲಸ್, ಒಳಗಿದ್ದರೆ ಮೈನಸ್. ಝಡ್‌ನಂಥ ಹಿಂಚಕ್ರ ಚಾಲನೆಯ ಹಳೆಯ ಕಾರುಗಳಿಗೆ ಸೊನ್ನೆಯ ಆಸುಪಾಸಿನ ಆಫ್‌ಸೆಟ್ ಹೊಂದುತ್ತಿತ್ತು. ಬೋಗುಣಿಯ ಅಂದ ಆ ಲೆಕ್ಕದಿಂದಲೇ ಬಂದದ್ದು.

ಉಕ್ಕನ್ನು ಬಿಟ್ಟು ಹಗುರ ಲೋಹಕ್ಕೆ ಬರುವ ಆಸೆ ಇನ್ನೂ ಹಳೆಯದು. 1924ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಲಿಯೋನ್ ರೇಸಿಗೆ ಬುಗಾಟಿ ಟೈಪ್ 35 ಬಂದದ್ದು ಎರಕದ ಅಲ್ಯೂಮಿನಿಯಂ ಚಕ್ರಗಳ ಮೇಲೆ. ಬ್ರೇಕ್ ಡ್ರಮ್ಮೂ ಚಕ್ರದ ಜೊತೆಗೇ ಎರಕಗೊಂಡಿತ್ತು; ಚಕ್ರ ಕಳಚಿದರೆ ಬ್ರೇಕಿನ ಒಳಭಾಗ ಕಣ್ಣೆದುರಿಗೆ. 1960ರ ದಶಕದಲ್ಲಿ ಇಂಗ್ಲೆಂಡಿನ ಮಿನಿಲೈಟ್, ಅಲ್ಯೂಮಿನಿಯಂಗಿಂತಲೂ ಹಗುರವಾದ ಮೆಗ್ನೀಸಿಯಂನಲ್ಲಿ ಮಿನಿ ರ‍್ಯಾಲಿ ಕಾರುಗಳಿಗೆ ಚಕ್ರ ಎರಕ ಹೊಯ್ದಿತು.

ಬೋಗುಣಿಯ ಕಾಲಕ್ಕೆ ತಡೆ ಒಡ್ಡಿದ್ದು ಫ್ಯಾಷನ್ ಅಲ್ಲ, ಸ್ಟಿಯರಿಂಗಿನ ಜ್ಯಾಮಿತಿ. 1972ರ ಆಡಿ 80ರಲ್ಲಿ ಮುಂಚಕ್ರ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಟೈರಿನ ನಡುಗೆರೆಯಿಂದ ಆಚೆಗೆ ಬೀಳುತ್ತಿತ್ತು. ಬ್ರೇಕಿನ ಒಂದು ಕೊಳವೆ ಸಾಲು ಕೈಕೊಟ್ಟು ಒಂದೇ ಮುಂಚಕ್ರ ಬಿಗಿಹಿಡಿದರೂ ಕಾರು ನೇರವಾಗಿ ನಿಲ್ಲಲು ಇದು ನೆರವಾಗುತ್ತಿತ್ತು. ಹೀಗಾಗಬೇಕೆಂದರೆ ಹಬ್ಬು, ಬ್ರೇಕು ಎಲ್ಲ ಚಕ್ರದ ಒಡಲೊಳಗೆ ಆಳಕ್ಕೆ ಸರಿಯಬೇಕು, ಕಡ್ಡಿಗಳು ಹೊರಮುಖಕ್ಕೆ ಬರಬೇಕು. ಮುಂಚಕ್ರ ಚಾಲನೆಯ ಕಾರುಗಳು ಹೆಚ್ಚಿದಂತೆ ಪ್ಲಸ್ 35, ಪ್ಲಸ್ 45 ಸಾಮಾನ್ಯವಾಗಿ, ಚಕ್ರದ ಮುಖ ಚಪ್ಪಟೆಯಾಯಿತು.

ಎರಡು ಕಾಲಗಳೂ ಒಂದೇ ಚಕ್ರದಲ್ಲಿ ಕೂಡಿದ್ದು 1989ರಲ್ಲಿ, ಷಿಕಾಗೋ ಪ್ರದರ್ಶನದಲ್ಲಿ ಮಾಜ್ದಾ ಎಂಎಕ್ಸ್-5 ತೆರೆಕಂಡಾಗ. ಅದರ ಏಳು ಕಡ್ಡಿಗಳ ಅಲಾಯ್ ಚಕ್ರ ಹಳೆಯ ಮಿನಿಲೈಟನ್ನು ನೆನಪಿಸುತ್ತಿತ್ತು. ಅಳತೆ ಮಾತ್ರ ಹೊಸ ಕಾಲದ್ದು: 14 ಇಂಚು ವ್ಯಾಸ, ಐದೂವರೆ ಇಂಚು ಅಗಲ, ಆಫ್‌ಸೆಟ್ ಪ್ಲಸ್ 45. ಹಿಂಚಕ್ರ ಚಾಲನೆಯ ಪುಟ್ಟ ಸ್ಪೋರ್ಟ್ಸ್ ಕಾರಿಗೂ ಬೋಗುಣಿ ಉಳಿದಿರಲಿಲ್ಲ.

ಅದನ್ನು ಮರಳಿ ತರಲು ಹೊರಟವರಿಗೆ ವ್ಯಾಸದ ಲೆಕ್ಕ ಸುಲಭ. ಮೂಲದ 185/60 ಆರ್14 ಟೈರಿನ ಎತ್ತರ ಸುಮಾರು 578 ಮಿ.ಮೀ.; 195/50 ಆರ್15 ಹಾಕಿದರೆ 576. ಸ್ಪೀಡೋಮೀಟರ್‌ಗೆ ವ್ಯತ್ಯಾಸವೇ ತಿಳಿಯದು. ಪೆಟ್ಟು ಬೀಳುವುದು ಅಗಲದಲ್ಲಿ. ಏಳು ಇಂಚು ಅಗಲದ, ಪ್ಲಸ್ 25 ಆಫ್‌ಸೆಟ್‌ನ ಚಕ್ರವನ್ನು ಆರಿಸಿದರೆ ಒಳಅಂಚು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಹೊರಅಂಚು ಮಾತ್ರ 39 ಮಿ.ಮೀ. ಆಚೆಗೆ ಹೋಗುತ್ತದೆ. ಮಡ್‌ಗಾರ್ಡಿಗೆ ಉಜ್ಜುವ ಭಯ ಒಂದು ಕಡೆ, ಬೇರಿಂಗಿನ ಮೇಲೆ ಹೆಚ್ಚುವ ಹೊರೆ ಇನ್ನೊಂದು ಕಡೆ. ಅದಕ್ಕಿಂತ ಕೆಟ್ಟದ್ದೆಂದರೆ, ಎಂಜಿನಿಯರರು ಇಂತಿಷ್ಟೇ ಎಂದು ಕೂರಿಸಿದ್ದ ಸ್ಟಿಯರಿಂಗ್ ಅಕ್ಷದಿಂದ ಟೈರಿನ ನಡುಗೆರೆ 20 ಮಿ.ಮೀ. ಹೊರಕ್ಕೆ ಸರಿದು, ಬ್ರೇಕ್ ಒತ್ತಿದಾಗ ರಸ್ತೆಯ ಏರುಪೇರೆಲ್ಲ ಚಾಲಕನ ಕೈಯನ್ನು ಎಳೆಯತೊಡಗುತ್ತದೆ.

ಜರ್ಮನಿಯಲ್ಲಿ ಇದನ್ನು ಕೊಳ್ಳುವವರ ವಿವೇಚನೆಗೆ ಬಿಟ್ಟಿಲ್ಲ. ಹೊರಗಿನ ಚಕ್ರಕ್ಕೆ ಆ ಕಾರಿಗೆ ಹೊಂದುವ ಮಾನ್ಯತೆಯ ಕಾಗದವಿರಬೇಕು. ಇಲ್ಲವಾದರೆ ಪರೀಕ್ಷಕರ ಮುಂದೆ ಕಾರನ್ನು ನಿಲ್ಲಿಸಿ ಒಪ್ಪಿಗೆ ಪಡೆಯಬೇಕು. ಪರೀಕ್ಷಕರು ಹುಡುಕುವ ಆಫ್‌ಸೆಟ್ ಅಂಕಿ, ಇ.ಟಿ. ಎಂಬ ಎರಡಕ್ಷರದ ಪಕ್ಕದಲ್ಲಿ, ಚಕ್ರದ ಲೋಹದಲ್ಲೇ ಅಚ್ಚಾಗಿರುತ್ತದೆ.