ಓಟದ ಕಾರಿನ ಉಸಿರು

ಅಹಮದಾಬಾದಿನ ಪಕ್ಕದ ಸಾಣಂದ್, ವಡೋದರಾದ ಆಚೆಯ ಹಾಲೋಲ್, ಬೇಚರಾಜಿ ಬಳಿಯ ಹಾಂಸಲ್‌ಪುರ: ಗುಜರಾತಿನಲ್ಲಿ ನೆಲೆ ನಿಂತ ನಮಗೆ ಇವು ಪರಿಚಿತ ಹೆಸರುಗಳು. ವಿದ್ಯುತ್ ಕಾರುಗಳೂ ಹೈಬ್ರಿಡ್ ಕಾರಿನ ಬ್ಯಾಟರಿಗಳೂ ಇಂದು ಇಲ್ಲೆಲ್ಲ ತಯಾರಾಗುತ್ತಿವೆ. ಈ ಕಥೆಯ ಒಂದು ಮುಖ್ಯ ಅಧ್ಯಾಯ ಮಾತ್ರ ನಮ್ಮ ಬೆಂಗಳೂರಿನದು. ಅದರ ಬೇರು ಒಂದು ಓಟದ ಸ್ಪರ್ಧೆಯಲ್ಲಿದೆ ಎಂಬುದನ್ನು ನಾವು ಹೆಚ್ಚಾಗಿ ನೆನೆಯುವುದಿಲ್ಲ.

ಮೋಟಾರು ಓಟದ ಅಭಿಮಾನಿಗಳಲ್ಲಿ ಮುಗಿಯದ ಜಗಳವೊಂದಿದೆ. ಟರ್ಬೋದ ಒತ್ತಡವಾಗಲಿ ಬ್ಯಾಟರಿಯ ನೆರವಾಗಲಿ ಇಲ್ಲದೆ, ಸುತ್ತಲಿನ ಗಾಳಿಯನ್ನು ತಾನಾಗಿಯೇ ಒಳಗೆಳೆದುಕೊಳ್ಳುವ ಎಂಜಿನ್ನೇ ನಿಜವಾದ ಓಟದ ಎಂಜಿನ್, ಉಳಿದುದೆಲ್ಲ ಕಲಬೆರಕೆ ಎಂಬುದು ಒಂದು ಪಕ್ಷದ ವಾದ. ಅದನ್ನು ಸಹಜಶ್ವಾಸದ ಎಂಜಿನ್ ಎಂದು ಕರೆಯೋಣ. ಈ ವಾದಕ್ಕೆ ಇತಿಹಾಸದ ಬೆಂಬಲ ಕಡಿಮೆ. ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊದಲು ದಾಟಿದ ಕಾರು ವಿದ್ಯುತ್ತಿನದೇ. 1899ರಲ್ಲಿ ಫ್ರಾನ್ಸಿನಲ್ಲಿ ಅದನ್ನು ಓಡಿಸಿದವನು ಬೆಲ್ಜಿಯಮ್ಮಿನ ಕಮಿಲ್ ಜೆನಾಟ್ಸಿ. ಮುಂದೆ ಪೆಟ್ರೋಲು ಗೆದ್ದಿತು. ಫಾರ್ಮುಲಾ ಒನ್ ಪಂದ್ಯಗಳಿಗೆ ರೆನೋ ಕಂಪನಿ 1977ರಲ್ಲಿ ಟರ್ಬೋ ತಂದಿತು. ಅದರ ಬಲ ಮಿತಿಮೀರಿದಾಗ 1989ರಿಂದ ಅದನ್ನು ನಿಷೇಧಿಸಲಾಯಿತು. ಅಭಿಮಾನಿಗಳು ಹಂಬಲಿಸುವ 'ಶುದ್ಧ' ಯುಗ ಅಲ್ಲಿಂದ 2013ರವರೆಗಿನದು. ಅದನ್ನು ಕಟ್ಟಿದ್ದು ನಿಯಮಪುಸ್ತಕ.

ಆ ಯುಗದ ಕೊನೆಯ ಮೂರು ವರ್ಷಗಳಷ್ಟೇ ಭಾರತದ ಪಾಲಿಗೆ ಬಂದುವು. 2011, 2012 ಮತ್ತು 2013ರಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ನಡೆದ ಮೂರೂ ಪಂದ್ಯಗಳನ್ನು ಸೆಬಾಸ್ಟಿಯನ್ ವೆಟೆಲ್ ಗೆದ್ದರು. ನಿಮಿಷಕ್ಕೆ 18,000 ಸುತ್ತು ತಿರುಗುತ್ತಿದ್ದ 2.4 ಲೀಟರಿನ ಎಂಟು ಸಿಲಿಂಡರ್ ಎಂಜಿನ್‌ಗಳ ಚೀತ್ಕಾರ ಕೇಳಿದವರಿಗೆ ಈಗಿನ ಕಾರುಗಳು ಸಪ್ಪೆ ಎನಿಸಿದರೆ ತಪ್ಪೆನ್ನಲಾಗದು. ಕಿವಿಯ ದುಃಖ ನಿಜವಾದದ್ದೇ. ಆದರೆ ಒಂದು ಸೂಕ್ಷ್ಮವಿದೆ. ಬ್ರೇಕ್ ಹಾಕುವಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದಿಟ್ಟು, ಪ್ರತಿ ಸುತ್ತಿನಲ್ಲೂ ಆರೇಳು ಸೆಕೆಂಡುಗಳ ಕಾಲ ಸುಮಾರು 80 ಅಶ್ವಶಕ್ತಿ ಕೂಡಿಸುವ ಕರ್ಸ್ ಎಂಬ ಸಾಧನ ವೆಟೆಲ್ಲರ ಕಾರಿನಲ್ಲಿ ಆಗಲೇ ಇತ್ತು. ನಮ್ಮ ನಾರಾಯಣ್ ಕಾರ್ತಿಕೇಯನ್ ಓಡಿಸಿದ ಎಚ್‌ಆರ್‌ಟಿ ಕಾರಿನಲ್ಲಿ ಇರಲಿಲ್ಲ. ಹಿಂದಿನ ಸಾಲಿನ ಆ ಶುದ್ಧತೆ ಬಡತನದ ಇನ್ನೊಂದು ಹೆಸರು.

2014ರಲ್ಲಿ 1.6 ಲೀಟರಿನ ಟರ್ಬೋ ಹೈಬ್ರಿಡ್ ಬಂದಿತು. ಒಂದು ಪಂದ್ಯಕ್ಕೆ 100 ಕಿಲೋ ಇಂಧನ ಮಾತ್ರ. ಸದ್ದು ತಗ್ಗಿದ್ದಕ್ಕೆ ಅಭಿಮಾನಿಗಳು ಗೊಣಗಿದರು. ಇಂಧನದ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಕೆಲಸವಾಗಿ ಪರಿವರ್ತಿಸುವ ಮಟ್ಟವನ್ನು ತನ್ನ ಎಂಜಿನ್ ಪರೀಕ್ಷಾಗಾರದಲ್ಲಿ ಮುಟ್ಟಿತೆಂದು ಮರ್ಸಿಡಿಸ್ 2017ರಲ್ಲಿ ಹೇಳಿದಾಗ ಅಷ್ಟೇ ಗದ್ದಲವೇಳಲಿಲ್ಲ.

ಅದೇ 2014ರ ಸೆಪ್ಟೆಂಬರಿನಲ್ಲಿ ಬೀಜಿಂಗಿನಲ್ಲಿ ಫಾರ್ಮುಲಾ ಇ ಎಂಬ ಪೂರ್ಣ ವಿದ್ಯುತ್ ಪಂದ್ಯಮಾಲೆ ಮೊದಲಾಯಿತು. ಅದರಲ್ಲಿದ್ದ ಏಕೈಕ ಭಾರತೀಯ ಹೆಸರಿನ ತಂಡ ಮಹೀಂದ್ರಾ. ಬೆಂಗಳೂರು ಬರುವುದು ಇಲ್ಲಿಯೇ. 1990ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ಸೌರ ಕಾರು ಅಲ್ಲಿನ ಓಟವನ್ನು ಗೆದ್ದು, ಆಸ್ಟ್ರೇಲಿಯಾದ ಮಹಾ ಸೌರ ಓಟದಲ್ಲಿ ಮೂರನೆಯದಾಯಿತು. ಆ ತಂಡದಲ್ಲಿ ಬೆಂಗಳೂರಿನ ಚೇತನ್ ಮೈನಿ ಇದ್ದರು. ಅವರು ಊರಿಗೆ ಮರಳಿ 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಬೀದಿಗಿಳಿಸಿದರು. ಸೀಸ-ಆಮ್ಲದ ಬ್ಯಾಟರಿ, ಗೊಂಬೆಯಂಥ ರೂಪ, ನಕ್ಕವರೇ ಬಹಳ. 2010ರಲ್ಲಿ ಆ ಕಂಪನಿಯ ಬಹುಪಾಲನ್ನು ಕೊಂಡುಕೊಂಡದ್ದು ಇದೇ ಮಹೀಂದ್ರಾ. ಪೆಟ್ರೋಲಿನ ಕಾಲದಲ್ಲಿ ಓಟದ ಪಥ ಬೀದಿಗೆ ಪಾಠ ಹೇಳಿತೆನ್ನುವುದು ವಾಡಿಕೆ. ಇಲ್ಲಿ ಓಟದಿಂದ ಹುಟ್ಟಿದ ಹಂಬಲ ಬೀದಿಗೆ ಬಂದು, ಬೀದಿಯ ಕಾರಿನ ಕಂಪನಿಯನ್ನು ಕೊಂಡವರು ಮತ್ತೆ ಓಟಕ್ಕೆ ಹೋದರು. ರೇವಾದ ಯಂತ್ರವೇ ಓಟದ ಕಾರಿಗೆ ಹೋಯಿತೆಂದು ನಾವು ಹೇಳುತ್ತಿಲ್ಲ. ವಿದ್ಯುತ್ತನ್ನು ನಂಬುವ ಧೈರ್ಯ ಮೊದಲೇ ಮನೆಯೊಳಗಿತ್ತು ಎನ್ನುತ್ತಿದ್ದೇವೆ. 2017ರಲ್ಲಿ ಬರ್ಲಿನ್ನಿನಲ್ಲಿ ಫೆಲಿಕ್ಸ್ ರೋಸೆನ್‌ಕ್ವಿಸ್ಟ್ ಆ ತಂಡಕ್ಕೆ ಮೊದಲ ಗೆಲುವು ತಂದರು.

2023ರ ಫೆಬ್ರುವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ ಫಾರ್ಮುಲಾ ಇ ನಡೆಯಿತು. ಗೆದ್ದವರು ಜಾನ್-ಎರಿಕ್ ವೆರ್ನ್. ಮರುವರ್ಷದ ಪಂದ್ಯ ರದ್ದಾಯಿತು. ಬುದ್ಧ ಸರ್ಕ್ಯೂಟಿಗೂ ತೆರಿಗೆಯ ತಕರಾರುಗಳ ನಡುವೆ ಫಾರ್ಮುಲಾ ಒನ್ ಮರಳಿ ಬಂದಿಲ್ಲ. ಚೀತ್ಕರಿಸುವ ಎಂಜಿನ್ ಮೇಲೋ, ಮೆಲುದನಿಯ ಮೋಟಾರು ಮೇಲೋ ಎಂದು ಜಗಳವಾಡುವ ನಮ್ಮ ದೇಶದಲ್ಲಿ ಎರಡರ ಪಥವೂ ಸದ್ಯಕ್ಕೆ ಖಾಲಿ ಬಿದ್ದಿದೆ.