ರೇಖಾಚಿತ್ರಕ್ಕೆ ಛಾಯಾಕಾಗದ: ಮರುಬಳಕೆಯ ಹಾಳೆಯನ್ನು ಆರಿಸುವ ಬಗೆ

ಬಿಳಿಯ ಹಾಳೆಯ ಬದಲು ಕಂದು, ಬೂದು ಅಥವಾ ನೀಲಿ ಛಾಯೆಯ ಹಾಳೆಯ ಮೇಲೆ ಚಿತ್ರಿಸುವ ಪದ್ಧತಿ ಹೊಸದೇನಲ್ಲ. 16ನೆಯ ಶತಮಾನದಲ್ಲಿ ವೆನಿಸ್ ನಗರದ ಟಿಷಿಯನ್, ಟಿಂಟೊರೆಟ್ಟೊ ಮೊದಲಾದ ಕಲಾವಿದರು ನೀಲಿ ಕಾಗದದ ಮೇಲೆ ಕಪ್ಪು ಮತ್ತು ಬಿಳಿ ಚಾಕ್‌ಗಳಿಂದ ಚಿತ್ರಿಸುತ್ತಿದ್ದರು. ಆ ಕಾಗದವು ನೀಲಿ ಬಣ್ಣದ ಹಳೆಯ ಚಿಂದಿಬಟ್ಟೆಗಳಿಂದ ತಯಾರಾಗುತ್ತಿತ್ತು. ಛಾಯಾಕಾಗದಕ್ಕೂ ಮರುಬಳಕೆಗೂ ಇರುವ ನಂಟು ಅಷ್ಟು ಹಳೆಯದು.

ಛಾಯೆ: ಇಲ್ಲಿ ಹಾಳೆಯೇ ಚಿತ್ರದ ಮಧ್ಯಛಾಯೆ. ಇದ್ದಿಲು ನೆರಳನ್ನೂ ಬಿಳಿ ಚಾಕ್ ಬೆಳಕನ್ನೂ ನೀಡುತ್ತವೆ. ಉಳಿದುದನ್ನು ಕಾಗದವೇ ನಿರ್ವಹಿಸುತ್ತದೆ. ಹಾಳೆ ತೀರ ತಿಳಿಯಾದರೆ ಬಿಳಿ ಮೂಡದು, ತೀರ ಗಾಢವಾದರೆ ನೆರಳು ಕಾಣದು. ಕಪ್ಪು ಬಿಳುಪುಗಳೆರಡನ್ನೂ ಬೆರೆಸಿದರೆ ಮಂಕಾದ ಬೂದುಬಣ್ಣವಷ್ಟೇ ಉಳಿಯುತ್ತದೆ. ಆದ್ದರಿಂದ ಅವುಗಳ ನಡುವೆ ಹಾಳೆಯನ್ನು ಬಿಡುವುದು ಉಚಿತ. ಮುಖಚಿತ್ರಕ್ಕೆ ಕಂದು, ಕಟ್ಟಡ ಹಾಗೂ ಮಳೆಗಾಲದ ದೃಶ್ಯಗಳಿಗೆ ಬೂದು ಸಾಮಾನ್ಯವಾಗಿ ಒಪ್ಪುತ್ತವೆ.

ಮೇಲ್ಮೈ ಮತ್ತು ತೂಕ: ಇದ್ದಿಲಿನ ಪುಡಿ ನಿಲ್ಲಲು ಹಾಳೆ ತುಸು ಒರಟಾಗಿರಬೇಕು, ಸೂಕ್ಷ್ಮ ಪೆನ್ಸಿಲ್ ಕೆಲಸಕ್ಕೆ ನಯವಾದದ್ದು ಲೇಸು. ಕಾಗದದ ನಾರುಗಳು ಪ್ರತಿ ಮರುಬಳಕೆಯಲ್ಲೂ ಮೋಟಾಗುತ್ತವೆ. ತೆಳುವಾದ ಹಾಳೆಯನ್ನು ರಬ್ಬರಿನಿಂದ ಹೆಚ್ಚು ಉಜ್ಜಿದರೆ ಮೇಲ್ಪದರ ಏಳುತ್ತದೆ. ಅಭ್ಯಾಸಕ್ಕೆ ಸುಮಾರು 120 ಜಿ.ಎಸ್.ಎಂ. ಸಾಕು, ಉಜ್ಜಿ ತಿದ್ದುವ ಕೆಲಸಕ್ಕೆ 160 ಅಥವಾ ಹೆಚ್ಚಿನದು ಮೇಲು. ಬನಿಯನ್ ಬಟ್ಟೆಯ ಹತ್ತಿ ಚೂರುಗಳಿಂದ ಮಾಡಿದ ಭಾರತೀಯ ಕೈಕಾಗದದ ನಾರು ಉದ್ದವಾಗಿದ್ದು, ಅದು ಹೆಚ್ಚು ಗಟ್ಟಿ. ಆದರೆ ಅದರ ಮೇಲ್ಮೈ ಹಾಳೆಯಿಂದ ಹಾಳೆಗೆ ಬದಲಾಗುವುದರಿಂದ ಮುಟ್ಟಿ ನೋಡಿಯೇ ಕೊಳ್ಳಬೇಕು.

ಬಾಳಿಕೆ: ‘ಮರುಬಳಕೆ’ ಎಂಬ ಮುದ್ರೆ ಬಾಳಿಕೆಯ ಭರವಸೆಯಲ್ಲ. ವೃತ್ತಪತ್ರಿಕೆಯ ಕಾಗದದಲ್ಲಿಯೂ ಪೊಟ್ಟಣ ಕಟ್ಟುವ ಸಾಮಾನ್ಯ ಕಂದು ಕಾಗದದಲ್ಲಿಯೂ ಉಳಿದಿರುವ ಲಿಗ್ನಿನ್ ಬೆಳಕಿಗೆ ಬಣ್ಣಗೆಡುತ್ತದೆ; ಆಮ್ಲವು ನಾರನ್ನು ಪೆಡಸಾಗಿಸುತ್ತದೆ. ಹಾಳೆ ಕಪ್ಪಿಟ್ಟಂತೆ ಇಡೀ ಚಿತ್ರದ ಛಾಯಾಸಮತೋಲನವೇ ಕೆಡುತ್ತದೆ. ಆದುದರಿಂದ ‘ಆಮ್ಲರಹಿತ’ ಎಂಬ ಸೂಚನೆಯನ್ನೂ, ಬಣ್ಣವು ಬೆಳಕಿಗೆ ಮಾಸದೆಂಬ ಸೂಚನೆಯನ್ನೂ ನೋಡಬೇಕು. ಸಂದೇಹವಿದ್ದಲ್ಲಿ ಒಂದು ತುಂಡಿನ ಅರ್ಧಭಾಗವನ್ನು ದಪ್ಪ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ತಿಂಗಳು ಇಟ್ಟು ಹೋಲಿಸಬಹುದು.

ಸಂರಕ್ಷಣೆ: ಪುಡಿ ಉದುರದಂತೆ ಸಿಂಪಡಿಸುವ ಫಿಕ್ಸೆಟಿವ್ ಬಿಳಿ ಚಾಕನ್ನು ಮಂಕಾಗಿಸುತ್ತದೆ. ಮೊದಲು ಇದ್ದಿಲಿಗೆ ಸಿಂಪಡಿಸಿ, ಒಣಗಿದ ಬಳಿಕ ಬಿಳಿಯನ್ನು ಕೊನೆಗೆ ಹಚ್ಚುವುದು ಕ್ಷೇಮ. ಚೌಕಟ್ಟು ಹಾಕಿಸುವಾಗ ಗಾಜು ಚಿತ್ರಕ್ಕೆ ತಾಗದಂತೆ ಆಮ್ಲರಹಿತ ರಟ್ಟಿನ ಅಂಚು ಇರಲಿ.

ಮಕ್ಕಳ ನಿತ್ಯಾಭ್ಯಾಸಕ್ಕೆ ಅಗ್ಗದ ಕಂದು ಹಾಳೆಯೇ ಧಾರಾಳವಾಗಿ ಸಾಕು. ಆದರೆ ಮೊಮ್ಮಗಳು ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಬರೆಯುವ ದಿನ ಒಳ್ಳೆಯ ಹಾಳೆಯೊಂದು ಮನೆಯಲ್ಲಿರಲಿ. ಆ ಚಿತ್ರವನ್ನು ಮತ್ತೊಮ್ಮೆ ಬರೆಯುವ ಅವಕಾಶ ಸದಾ ದೊರೆಯದು.