ಮುಳವಾಡ ಸೀಮೆಯ ಉತಾರ ಮತ್ತು ‘ಭೂಮಿ’ ತಂತ್ರಾಂಶ: ತಿದ್ದುಪಡಿಯ ಒಂದು ಇತಿಹಾಸ

ಗಣಕಯಂತ್ರದ ಮೇಜಿನ ಮುಂದೆ ಕುಳಿತು ದತ್ತಸಂಚಯವೊಂದನ್ನು ತೆರೆದು, ಅದರೊಳಗಿನ ಸಾಲುಗಳನ್ನು ನೋಡಿ, ಬೇಕಾದಲ್ಲಿ ತಿದ್ದುವುದಕ್ಕೆ ಸಹಾಯಕವಾಗುವ ತಂತ್ರಾಂಶಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಆವೃತ್ತಿಗಳ ಪಟ್ಟಿಯೊಂದನ್ನು ಕೊಟ್ಟು ವಿರಮಿಸುವುದುಂಟು. ಬ್ರೆಜಿಲ್ ದೇಶದ ಮೌರಿಸಿಯೊ ಪಿಯಾಸೆಂಟಿನಿ 2003ರಲ್ಲಿ ಆರಂಭಿಸಿ, ತರುವಾಯ ಮಾರ್ಟಿನ್ ಕ್ಲೂಸ್‌ಬರ್ಗ್ ಮೊದಲಾದವರ ಕೈಯಲ್ಲಿ ಬೆಳೆದ ‘ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್’ ಎಂಬ ತಂತ್ರಾಂಶದಂಥದಕ್ಕೆ ಈ ಕ್ರಮ ಸಾಕಾದೀತು. ಏಕೆಂದರೆ ಅಲ್ಲಿ ದೋಷವೆಂದರೆ ಕ್ರಮವಿಧಿಯ ದೋಷ, ಅದರ ಪರಿಹಾರವೆಂದರೆ ಮುಂದಿನ ಆವೃತ್ತಿ. ಆದರೆ ಕರ್ನಾಟಕದ ಪ್ರತಿಯೊಂದು ತಾಲ್ಲೂಕು ಕಚೇರಿಯ ಮೇಜಿನ ಮೇಲೂ ಕಾಲು ಶತಮಾನದ ಹಿಂದೆ ಬಂದು ಕುಳಿತ, ಭೂದಾಖಲೆಗಳ ‘ಭೂಮಿ’ ತಂತ್ರಾಂಶದ ವಿಷಯದಲ್ಲಿ ಈ ಕ್ರಮ ಸಾಲದು. ಅಲ್ಲಿ ಕ್ರಮವಿಧಿಯು ಸರಿಯಿದ್ದರೂ ದತ್ತವು ತಪ್ಪಾಗಿರಬಹುದು. ದತ್ತದ ತಪ್ಪಾದರೋ ಯಂತ್ರಕ್ಕಿಂತ ನೂರು ವರ್ಷ ಹಿರಿದಾಗಿರಬಹುದು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನೊಳಗೊಂಡ ಮುಳವಾಡ ಸೀಮೆಯನ್ನು ಮುಂದಿಟ್ಟುಕೊಂಡು ಆ ತಂತ್ರಾಂಶದ ದೋಷಪರಿಹಾರದ ಚರಿತ್ರೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಆ ಚರಿತ್ರೆಯು ಬಹುಮಟ್ಟಿಗೆ ಉತಾರವನ್ನು, ಅಂದರೆ ಹೊಲದ ಹಕ್ಕುದಾಖಲೆಯನ್ನು, ತಿದ್ದುವ ಅಧಿಕಾರವು ಒಂದು ಕೈಯಿಂದ ಮತ್ತೊಂದು ಕೈಗೆ ಸಾಗಿದ ಚರಿತ್ರೆಯೇ ಆಗಿದೆಯೆಂಬುದು ನಮ್ಮ ಅಭಿಪ್ರಾಯ.

ಈ ಸೀಮೆಯ ಭೂದಾಖಲೆಗಳ ಮೂಲವು ಮುಂಬಯಿ ಇಲಾಖೆಯ ಮೋಜಣಿಯಲ್ಲಿದೆ. 1835ರಲ್ಲಿ ಪುಣೆಯ ಇಂದಾಪುರ ತಾಲ್ಲೂಕಿನಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರು ಆರಂಭಿಸಿದ ಪದ್ಧತಿಯು ಮುಂದೆ ಇಲ್ಲಿಗೂ ವ್ಯಾಪಿಸಿ, ಹೊಲಹೊಲಕ್ಕೂ ಒಂದು ಸರ್ವೆ ನಂಬರನ್ನು, ಮೂಲೆಮೂಲೆಗೂ ಒಂದು ಬಾಂದು ಕಲ್ಲನ್ನು ನಿಯಮಿಸಿತು. ಅಳತೆಯ ಸರಪಳಿ 33 ಅಡಿಯದು. ಅದರ ವರ್ಗವಾದ 1,089 ಚದರಡಿಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ, ಗುಂಟೆಯ ಹದಿನಾರನೆಯ ಪಾಲು ಒಂದು ಆಣೆ. ಈ ಗಣಿತವು ಮುಂದೆ ಗಣಕಯಂತ್ರವನ್ನು ಹೇಗೆ ಕಾಡಬಹುದಾಗಿತ್ತೆಂಬುದನ್ನು ಆಮೇಲೆ ನೋಡೋಣ. ಮೋಜಣಿಯು ನೆಲವನ್ನು ಅಳೆದುದೇ ಹೊರತು ಹಕ್ಕನ್ನು ಅಳೆಯಲಿಲ್ಲ. ಕಂದಾಯ ಕೊಡುವವನ ಹೆಸರು ತಿಳಿದರೆ ಸರಕಾರಕ್ಕೆ ಸಾಕಾಗಿದ್ದಿತು. 1876–78ರ ಮಹಾಕ್ಷಾಮವೂ 1899–1900ರ ಕ್ಷಾಮವೂ ರೈತನ ನೆಲವನ್ನು ಸಾಹುಕಾರನ ಕೈಗೆ ದಾಟಿಸಿದಾಗ, ಯಾರ ಹಕ್ಕು ಎಲ್ಲಿಯವರೆಗೆಂಬುದನ್ನು ಬರೆದಿಡದೆ ಗತ್ಯಂತರವಿಲ್ಲವಾಯಿತು. 1903ರಲ್ಲಿ ಮುಂಬಯಿ ಇಲಾಖೆಗೆ ಹಕ್ಕುದಾಖಲೆಯ ಕಾಯಿದೆಯೊಂದು ಬಂದಿತು. 1913ರಲ್ಲಿ ಅದು ಕಂದಾಯ ಸಂಹಿತೆಯ ಅಂಗವೇ ಆಯಿತು. ಇಂದಿಗೂ ಈ ಕಡೆಯ ರೈತರು ‘ಪಹಣಿ’ ಎನ್ನದೆ ‘ಉತಾರ’ ಎನ್ನುವುದು ಆ ಮುಂಬಯಿ ಪರಂಪರೆಯ ಕುರುಹು.

ಉತಾರವನ್ನು ಬರೆಯುವವನು ಊರ ಕುಲಕರ್ಣಿ, ಕಾಲಾಂತರದಲ್ಲಿ ತಲಾಟಿ. ವಾರಸಾ (ಉತ್ತರಾಧಿಕಾರ), ವಾಟ್ನಿ (ಪಾಲು), ಖರೀದಿ, ಬೋಜಾ (ಸಾಲದ ಹೊರೆ) ಇವೆಲ್ಲವೂ ಚಾವಡಿಯಲ್ಲಿ ಅವನ ಲೇಖನಿಯಿಂದಲೇ ಪುಸ್ತಕಕ್ಕೆ ಇಳಿಯತಕ್ಕವು. ವಂಶಪಾರಂಪರ್ಯದ ಗ್ರಾಮಾಧಿಕಾರವು 1961ರ ಕಾಯಿದೆಯ ಮೇರೆಗೆ 1963ರಲ್ಲಿ ರದ್ದಾಗಿ, 1964ರ ಭೂಕಂದಾಯ ಕಾಯಿದೆಯು ಮುಂಬಯಿ, ಮೈಸೂರು, ಹೈದರಾಬಾದು ಪ್ರಾಂತಗಳ ಬೇರೆಬೇರೆ ಪದ್ಧತಿಗಳನ್ನು ಏಕರೂಪಕ್ಕೆ ತಂದಿತಾದರೂ, ಪುಸ್ತಕವು ಗ್ರಾಮ ಲೆಕ್ಕಿಗನ ಬಗಲಿನಲ್ಲಿಯೇ ಉಳಿಯಿತು. ಆ ಕಾಯಿದೆಯು ಈ ಬರೆಹಕ್ಕೆ ಬಲವಾದ ಸ್ಥಾನವನ್ನೂ ಕೊಟ್ಟಿತು: ಅನ್ಯಥಾ ಸಿದ್ಧವಾಗುವ ತನಕ ಹಕ್ಕುದಾಖಲೆಯ ನಮೂದನ್ನು ಸತ್ಯವೆಂದೇ ಭಾವಿಸತಕ್ಕದ್ದು. ಸತ್ಯವೆಂಬ ಭಾವನೆಗೆ ಪಾತ್ರವಾದ ಆ ಪುಸ್ತಕವನ್ನು ಅಲ್ಪ ವೇತನದ ಒಬ್ಬ ನೌಕರನು ಹಲವು ಊರುಗಳ ಹೊಣೆಯ ನಡುವೆ ತನ್ನ ಅಕ್ಷರದಲ್ಲಿ, ತನ್ನ ವಿವೇಚನೆಯಂತೆ ಬರೆಯುತ್ತಿದ್ದನೆಂಬುದನ್ನು ನೆನೆದರೆ, ತಪ್ಪುಗಳಿದ್ದುವೆಂಬುದಕ್ಕಿಂತ ಅವು ಇನ್ನೂ ಹೆಚ್ಚಾಗಿರಲಿಲ್ಲವೆಂಬುದೇ ಆಶ್ಚರ್ಯಕರವೆನಿಸುತ್ತದೆ.

ಭೂದಾಖಲೆಗಳನ್ನು ಗಣಕೀಕರಿಸುವ ಮೊದಲ ಪ್ರಯತ್ನವು ಕೇಂದ್ರ ಸರಕಾರದ ಯೋಜನೆಯಡಿ ನೆರೆಯ ಕಲಬುರ್ಗಿ ಜಿಲ್ಲೆಯಲ್ಲಿ 1991ರಲ್ಲಿ ನಡೆಯಿತು. 1996ರ ವೇಳೆಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಯೋಜನೆ ಮಂಜೂರಾಯಿತು. ಅದು ವಿಫಲವಾದುದರ ಕಾರಣವು ನಮ್ಮ ವಿಷಯಕ್ಕೆ ಬಹಳ ಬೋಧಪ್ರದವಾದುದು. ಯಂತ್ರಗಳನ್ನು ಜಿಲ್ಲಾ ಕೇಂದ್ರದಲ್ಲಿಟ್ಟರು. ಉತಾರವು ಬದಲಾಗುವುದಾದರೋ ತಾಲ್ಲೂಕಿನಲ್ಲಿ. ಹೀಗಾಗಿ ಬೆರಳಚ್ಚು ಮಾಡಿ ಮುಗಿಸುವಷ್ಟರಲ್ಲಿಯೇ ದತ್ತವು ಹಳತಾಗುತ್ತಿತ್ತು. ತಿದ್ದುವ ಸ್ಥಳದಲ್ಲಿಲ್ಲದ ದತ್ತಸಂಚಯವು ನಿರ್ಜೀವವೆಂಬ ಈ ಪಾಠದಿಂದಲೇ ‘ಭೂಮಿ’ ಹುಟ್ಟಿತೆನ್ನಬಹುದು. ಕಂದಾಯ ಇಲಾಖೆಯ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ ಬೆಂಗಳೂರು ಘಟಕವು ರಚಿಸಿದ ಆ ತಂತ್ರಾಂಶವು ತಾಲ್ಲೂಕು ಕಚೇರಿಯನ್ನೇ ತನ್ನ ಮನೆಯನ್ನಾಗಿ ಮಾಡಿಕೊಂಡಿತು. ಮುಂಭಾಗಕ್ಕೆ ವಿಷುಯಲ್ ಬೇಸಿಕ್, ಹಿಂಭಾಗಕ್ಕೆ ಎಸ್‌ಕ್ಯೂಎಲ್ ಸರ್ವರ್, ಕನ್ನಡ ಲಿಪಿಗೆ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ತಂತ್ರಜ್ಞಾನ ಇವು ಅದರ ಸಾಧನಗಳು. ಶತಮಾನದ ತಿರುವಿನ ಕೆಲವೇ ವರ್ಷಗಳಲ್ಲಿ 177 ತಾಲ್ಲೂಕು ಕೇಂದ್ರಗಳಲ್ಲಿ, ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳು ಅದರೊಳಗೆ ಸೇರಿದುವು. 15 ರೂಪಾಯಿ ಕೊಟ್ಟು ಸರ್ವೆ ನಂಬರನ್ನು ಹೇಳಿದ ರೈತನು ತನ್ನ ಕಡೆಗೆ ತಿರುಗಿಸಿಟ್ಟ ಎರಡನೆಯ ಪರದೆಯಲ್ಲಿ ತನ್ನ ಹೆಸರನ್ನು ತಾನೇ ನೋಡಿ ಮುದ್ರಿತ ಪ್ರತಿಯನ್ನು ಪಡೆಯಬಹುದಾಯಿತು. ಕೈಬರೆಹದ ಉತಾರಕ್ಕೆ ಕಾನೂನಿನ ಮಾನ್ಯತೆ ಹೋಯಿತು.

ಆ ಎರಡನೆಯ ಪರದೆಯ ಮಹತ್ವವನ್ನು ಯೋಜನೆಯ ಪ್ರಶಂಸಕರು ಕೂಡ ಪೂರ್ತಿಯಾಗಿ ಅರಿತಂತೆ ತೋರುವುದಿಲ್ಲ. ಅದು ಪಾರದರ್ಶಕತೆಯ ಸಾಧನವಾಗಿದ್ದುದು ನಿಜ. ಅದಕ್ಕಿಂತ ಹೆಚ್ಚಾಗಿ ಅದು ದೋಷಶೋಧನೆಯ ಸಾಧನವಾಗಿದ್ದಿತು. ಅಲ್ಲಿಯವರೆಗೆ ತನ್ನ ಉತಾರದಲ್ಲಿ ಏನು ಬರೆದಿದೆಯೆಂದು ಸಾಲಕ್ಕೋ ವ್ಯಾಜ್ಯಕ್ಕೋ ಪ್ರಸಂಗ ಬಂದ ಹೊರತು ನೋಡದಿದ್ದ ಸಾವಿರಾರು ಖಾತೆದಾರರು ಒಮ್ಮೆಲೇ ತಮ್ಮ ತಮ್ಮ ಸಾಲನ್ನು ಓದಿ ಪರೀಕ್ಷಿಸತೊಡಗಿದರು.

ಅವರು ಕಂಡ ದೋಷಗಳಲ್ಲಿ ಪ್ರಸಿದ್ಧವಾದುದು ಇಂದಿಗೂ ಕಚೇರಿಗಳಲ್ಲಿ ‘ಮೂರು ಮತ್ತು ಒಂಬತ್ತು’ ಎಂದೇ ಕರೆಯಲ್ಪಡುತ್ತದೆ. ಉತಾರದ 3ನೆಯ ಅಂಕಣದಲ್ಲಿ ಹೊಲದ ವಿಸ್ತೀರ್ಣವಿರುತ್ತದೆ. 9ನೆಯ ಅಂಕಣದಲ್ಲಿ ಸ್ವಾಧೀನದಾರರ ಹೆಸರುಗಳೂ ಪ್ರತಿಯೊಬ್ಬರ ಪಾಲೂ ಇರುತ್ತವೆ. ಪಾಲುಗಳ ಮೊತ್ತವು ಹೊಲದ ವಿಸ್ತೀರ್ಣಕ್ಕೆ ಸಮವಾಗಬೇಕೆಂಬುದು ನ್ಯಾಯ. ಅನೇಕ ಉತಾರಗಳಲ್ಲಿ ಅದು ಸಮವಾಗಿರಲಿಲ್ಲ. ಕಾಗದದ ಪುಸ್ತಕದಲ್ಲಿ ನಾಲ್ವರು ಅಣ್ಣತಮ್ಮಂದಿರ ಹೆಸರುಗಳನ್ನು ಒಂದರ ಕೆಳಗೊಂದು ಬರೆದು, ಬದಿಗೆ ಕಂಸವೊಂದನ್ನೆಳೆದು, ಒಟ್ಟು ಕ್ಷೇತ್ರವನ್ನು ಒಮ್ಮೆ ನಮೂದಿಸಿದರೆ ಯಾರಿಗೂ ಸಂಶಯವುಂಟಾಗುತ್ತಿರಲಿಲ್ಲ. ಆ ಕಂಸವು ಜಂಟಿ ಹಕ್ಕನ್ನು ಸೂಚಿಸುತ್ತದೆಂದು ತಲಾಟಿಗೂ ಊರಿಗೂ ಗೊತ್ತಿದ್ದಿತು. ದತ್ತಸಂಚಯಕ್ಕೆ ಕಂಸವೆಂಬುದೇ ಇಲ್ಲ. ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರತಿಪಾದಿಸಿದ ಸಂಬಂಧಾತ್ಮಕ ಮಾದರಿಯಲ್ಲಿ ಸಾಲೂ ಕಂಬವೂ ಸೇರುವ ಪ್ರತಿಯೊಂದು ಮನೆಯಲ್ಲಿಯೂ ಒಂದೇ ಒಂದು ಬೆಲೆಯಿರತಕ್ಕದ್ದು. ಅಂಥ ಕೋಷ್ಠಕದಲ್ಲಿ ನಾಲ್ವರ ಹೆಸರಿನ ಮುಂದೆಯೂ ಪೂರ್ಣ ಕ್ಷೇತ್ರವನ್ನು ಬರೆದರೆ ಮೊತ್ತವು ನಾಲ್ಮಡಿಯಾಗುತ್ತದೆ. ಒಬ್ಬನ ಮುಂದೆ ಬರೆದು ಉಳಿದ ಮೂವರ ಮುಂದೆ ಶೂನ್ಯವನ್ನಿಟ್ಟರೆ ಮೂವರು ಭೂಹೀನರಾದಂತೆ ತೋರುತ್ತದೆ. ಇದರ ಮೇಲೆ ಪೋಟ್ ಖರಾಬಿನ ಗೊಂದಲ ಬೇರೆ: ಸಾಗುವಳಿಗೆ ಬಾರದ ಆ ತುಂಡನ್ನು ಪಾಲಿನೊಳಗೆ ಸೇರಿಸಬೇಕೋ ಕಳೆಯಬೇಕೋ ಎಂಬುದರಲ್ಲಿ ಬರೆದವರೆಲ್ಲರೂ ಏಕಾಭಿಪ್ರಾಯದವರಾಗಿರಲಿಲ್ಲ.

ಇನ್ನು ಗಣಿತ. 5 ಎಕರೆ 10 ಗುಂಟೆಯ ಹೊಲದಲ್ಲಿ 2 ಎಕರೆ 30 ಗುಂಟೆಯನ್ನು ಮಾರಿದರೆ ಉಳಿಯತಕ್ಕದ್ದು 2 ಎಕರೆ 20 ಗುಂಟೆ. ಇದನ್ನೇ ದಶಮಾಂಶದಂತೆ 5.10ರಿಂದ 2.30ನ್ನು ಕಳೆದವರಿಗೆ 2.80 ಎಂಬ ಉತ್ತರ ಬರುತ್ತದೆ. 80 ಗುಂಟೆಯೆಂಬ ಶೇಷವು ಮೋಜಣಿಯ ಲೋಕದಲ್ಲಿ ಅಸಂಭವ. ಆದುದರಿಂದ ಭೂದಾಖಲೆಯ ಯಾವ ತಂತ್ರಾಂಶವೇ ಆಗಲಿ, ನಾಲ್ವತ್ತರ ಮತ್ತು ಹದಿನಾರರ ಈ ಮಿಶ್ರ ಗಣನೆಯನ್ನು ಮೊದಲು ಕಲಿಯಬೇಕಾಗುತ್ತದೆ. ಇದು ಕ್ರಮವಿಧಿಯಲ್ಲಿ ಸುಲಭವಾಗಿ ಬಗೆಹರಿಯುವ ತೊಡಕು. ಹೆಸರಿನ ತೊಡಕು ಹಾಗಲ್ಲ. ಒಬ್ಬನೇ ಮನುಷ್ಯನು ಒಂದು ಸರ್ವೆ ನಂಬರಿನಲ್ಲಿ ಬಸಪ್ಪನಾಗಿ, ಮತ್ತೊಂದರಲ್ಲಿ ಬಸವಪ್ಪನಾಗಿ, ಇನ್ನೊಂದರಲ್ಲಿ ಬಸವರಾಜನಾಗಿ, ಒಂದೆಡೆ ಅಡ್ಡಹೆಸರಿನೊಡನೆ, ಇನ್ನೊಂದೆಡೆ ಅದಿಲ್ಲದೆ ನಮೂದಾಗಿರುವುದು ಈ ಸೀಮೆಯಲ್ಲಿ ಅಪವಾದವಲ್ಲ. ಚಾವಡಿಯ ಮುಂದೆ ಕುಳಿತ ಹಿರಿಯರಿಗೆ ಮೂವರೂ ಒಬ್ಬನೆಂಬುದು ಸ್ವತಃಸಿದ್ಧ. ಅಕ್ಷರವನ್ನಷ್ಟೇ ಬಲ್ಲ ಯಂತ್ರಕ್ಕೆ ಅವರು ಮೂವರು. ಉತಾರಕ್ಕೆ ಆಧಾರ್ ಸಂಖ್ಯೆಯನ್ನು ಜೋಡಿಸುವ ಈಚಿನ ಕಾರ್ಯದಲ್ಲಿ ಮೇಲೆದ್ದು ಬಂದುದು ಇದೇ ಹಳೆಯ ತೊಡಕು.

ತಿದ್ದುಪಡಿಯ ವಿಧಾನಕ್ಕೆ ಬರೋಣ. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೇವಾರಿಯಾಗಬೇಕು, ಯಾವ ಅರ್ಜಿಯನ್ನೂ ಹಾರಿ ಮುಂದಿನದನ್ನು ತೆಗೆದುಕೊಳ್ಳಲಾಗದು ಎಂಬ ನಿಯಮವನ್ನು ತಂತ್ರಾಂಶದೊಳಗೇ ಹುದುಗಿಸಿದರು. ದತ್ತವನ್ನು ಮುಟ್ಟುವ ಅಧಿಕಾರಿಯು ಬೆರಳಿನ ಗುರುತನ್ನಿತ್ತೇ ಒಳಹೋಗತಕ್ಕದ್ದು. ಯಾರು ಯಾವಾಗ ಏನನ್ನು ಬದಲಿಸಿದರೆಂಬುದು ತಾನಾಗಿ ದಾಖಲಾಗತಕ್ಕದ್ದು. ಮೇಲ್ನೋಟಕ್ಕೆ ಇವು ರಕ್ಷಣೆಯ ಏರ್ಪಾಡುಗಳು. ಪರಿಣಾಮದಲ್ಲಿ ಇವು ಅಧಿಕಾರದ ಸ್ಥಾನಾಂತರಗಳು. ಹಿಂದೆ ಗ್ರಾಮ ಲೆಕ್ಕಿಗನು ತನ್ನ ಲೇಖನಿಯಿಂದ ಕ್ಷಣಮಾತ್ರದಲ್ಲಿ ಸರಿಪಡಿಸುತ್ತಿದ್ದ, ಅಥವಾ ಕೆಡಿಸುತ್ತಿದ್ದ, ಅಕ್ಷರವೊಂದು ಈಗ ಅರ್ಜಿಯಾಗಿ ತಾಲ್ಲೂಕು ಕಚೇರಿಗೆ ಹೋಗಿ, ಅಲ್ಲಿಂದ ಶಿರಸ್ತೇದಾರ, ತಹಶೀಲ್ದಾರರ ಮುಂದೆ ನಿಂತು, ಮೇಲ್ಮನವಿಯ ಸ್ವರೂಪದ್ದಾದರೆ ಉಪವಿಭಾಗಾಧಿಕಾರಿಯವರೆಗೆ ಏರಬೇಕಾಯಿತು. ಲಂಚಕ್ಕೆ ಬಿದ್ದ ಕಡಿವಾಣವನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ನಿಷ್ಪಾಪಿಯಾದ ಬೆರಳಚ್ಚಿನ ತಪ್ಪಿಗೂ ದುರುದ್ದೇಶದ ನಮೂದಿಗೂ ಒಂದೇ ದಾರಿಯನ್ನು ವಿಧಿಸಿದುದು ಆ ವ್ಯವಸ್ಥೆಯ ದೌರ್ಬಲ್ಯವೆಂದು ಹೇಳದೆ ವಿಧಿಯಿಲ್ಲ. ಕಂದಾಯ ಅದಾಲತ್ತುಗಳನ್ನು ಮುಂದೆ ಹೋಬಳಿಹೋಬಳಿಗೆ ಒಯ್ದುದು ಈ ದೌರ್ಬಲ್ಯದ ಮೌನಸಮ್ಮತಿಯೇ ಆಗಿದೆ. 2007ರಲ್ಲಿ ಸೋಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು ‘ಭೂಮಿ’ಯನ್ನು ವಿಮರ್ಶಿಸುತ್ತ, ಕೇಂದ್ರೀಕರಣವು ಭ್ರಷ್ಟತೆಯನ್ನು ಅಳಿಸದೆ ಮೇಲಿನ ಮೆಟ್ಟಿಲಿಗೆ ಏರಿಸಿತೆಂದೂ ದೊಡ್ಡ ಭೂಗ್ರಾಹಕರಿಗೆ ಅನುಕೂಲವಾಯಿತೆಂದೂ ವಾದಿಸಿದರು. ಅವರ ದೃಷ್ಟಿಯಲ್ಲಿದ್ದುದು ಬೆಂಗಳೂರಿನ ಸುತ್ತಣ ನೆಲ. ಡೋಣಿ ನದಿಯ ಕರಿಮಣ್ಣಿನ ಈ ಸೀಮೆಗೆ ಆ ವಾದವನ್ನು ಇದ್ದಂತೆ ಅನ್ವಯಿಸಲಾಗದು.

ಈ ಸೀಮೆಯ ಸಮಸ್ಯೆ ಬೇರೆ ದಿಕ್ಕಿನಿಂದ ಬಂದಿತು. ಕೃಷ್ಣಾ ಮೇಲ್ದಂಡೆ ಯೋಜನೆಯ ನಿರ್ವಹಣೆಗೆಂದು 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಸ್ಥಾಪಿತವಾಯಿತು. ಆಲಮಟ್ಟಿಯ ಹಿನ್ನೀರಿನಿಂದ ನೀರನ್ನೆತ್ತುವ ಮುಳವಾಡ ಏತ ನೀರಾವರಿಯ ಕಾಲುವೆಗಳು ಸರ್ವೆ ನಂಬರುಗಳ ಎಲ್ಲೆಯನ್ನು ಅನುಸರಿಸದೆ ಭೂಮಿಯ ಇಳಿಜಾರನ್ನು ಅನುಸರಿಸಿ ಹರಿದುವು. ಒಂದೊಂದು ಹೊಲದ ಕೆಲವೇ ಗುಂಟೆಗಳು ಸರಕಾರಕ್ಕೆ ಸೇರಿದಾಗ, ಮೋಜಣಿದಾರನು ಬಂದು ಆ ತುಂಡನ್ನು ಬೇರ್ಪಡಿಸುವ ಪೋಡಿ ಮಾಡಿ ಹೊಸ ಹಿಸ್ಸಾ ನಂಬರನ್ನು ಕೊಟ್ಟ ಹೊರತು 3 ಮತ್ತು 9 ತಾಳೆಯಾಗುವಂತಿಲ್ಲ. ಕಂದಾಯದ ಬರೆಹವೊಂದು, ಮೋಜಣಿಯ ನಕ್ಷೆಯೊಂದು, ನೋಂದಣಿಯ ಪತ್ರವೊಂದು, ಇವು ಮೂರು ಇಲಾಖೆಗಳ ಮೂರು ಲೋಕಗಳಾಗಿದ್ದುದೇ ದೋಷದ ಬೇರೆಂಬುದು ಆಗ ಸ್ಪಷ್ಟವಾಯಿತು. ನೋಂದಣಿ ಕಚೇರಿಗಳ ‘ಕಾವೇರಿ’, ಮೋಜಣಿ ಇಲಾಖೆಯ ‘ಮೋಜಿಣಿ’ ಎಂಬ ತಂತ್ರಾಂಶಗಳು ಕ್ರಮೇಣ ‘ಭೂಮಿ’ಯೊಡನೆ ಬೆಸೆದುಕೊಂಡುದೂ, ಹೊಲದ ಭಾಗವನ್ನು ಮಾರುವವನು ಮೊದಲೇ ಆ ಭಾಗದ 11ಇ ಮೋಜಣಿ ನಕ್ಷೆಯನ್ನು ಮಾಡಿಸಬೇಕೆಂಬ ನಿಯಮ ಬಂದುದೂ ಈ ಅರಿವಿನ ಫಲ. ತಾಲ್ಲೂಕು ತಾಲ್ಲೂಕಿನಲ್ಲಿ ಚದುರಿದ್ದ ದತ್ತಸಂಚಯಗಳು ರಾಜ್ಯದ ಒಂದೇ ದತ್ತಕೇಂದ್ರಕ್ಕೆ ಸೇರಿದ ಮೇಲೆ, ಮೇಜಿನ ಮೇಲಣ ಆ ಮೊದಲ ತಂತ್ರಾಂಶದ ಸ್ವರೂಪವೇ ಮಾರ್ಪಟ್ಟಿತು.

ಇಷ್ಟಾದರೂ ತಿದ್ದುಪಡಿಗೆ ಹೊಸ ಕಾರಣಗಳು ಹುಟ್ಟುತ್ತಲೇ ಇವೆ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಯಿತು. ಅದು ಶಿರೋನಾಮೆಯ ಬದಲಾವಣೆ, ಸುಲಭ. ಹೊಸ ತಾಲ್ಲೂಕುಗಳು ರಚಿತವಾಗಿ ಬಸವನ ಬಾಗೇವಾಡಿಯಿಂದ ಕೊಲ್ಹಾರ, ನಿಡಗುಂದಿಗಳೂ, ಇಂಡಿಯಿಂದ ಚಡಚಣವೂ, ಮುದ್ದೇಬಿಹಾಳದಿಂದ ತಾಳಿಕೋಟೆಯೂ, ಸಿಂದಗಿಯಿಂದ ದೇವರ ಹಿಪ್ಪರಗಿಯೂ ಬೇರ್ಪಟ್ಟುದು ಅಷ್ಟು ಸುಲಭವಲ್ಲ. ಮುಳವಾಡ ಗ್ರಾಮದ ಉತಾರಗಳು ಈಗ ಕೊಲ್ಹಾರದ ಹೆಸರಿನಡಿ ತೆರೆಯುತ್ತವೆಯಾದರೂ, ಅವುಗಳ ಹಿಂದಣ ಆಕಾರಬಂದು, ಟಿಪ್ಪಣಿ ಎಂಬ ಮೋಜಣಿ ಕಡತಗಳು, ಹಳೆಯ ಹಕ್ಕು ಬದಲಾವಣೆಯ ವಹಿಗಳು ಹಿಂದಿನ ತಾಲ್ಲೂಕಿನ ದಫ್ತರದಲ್ಲಿಯೇ ಹುಟ್ಟಿ ಬೆಳೆದಂಥವು. 2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆಯು ಇಂಥ ಹಳೆಯ ಕಡತಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಉಳಿಸಲು ಹೊರಟಿದೆ. ವಹಿಯ ಪುಟವು ಚಿತ್ರವಾಗಿ ಪರದೆಗೆ ಬಂದಾಗ ಕೋಷ್ಠಕದಲ್ಲಿ ಲುಪ್ತವಾಗಿದ್ದ ಕಂಸವೂ, ಹೊಡೆದುಹಾಕಿದ ಹೆಸರೂ, ಅಂಚಿನ ಷರಾವೂ ಒಡನೆಯೇ ಬರುತ್ತವೆ. 3 ಮತ್ತು 9ರ ವ್ಯತ್ಯಾಸವನ್ನು ನಿರ್ಣಯಿಸಬೇಕಾದ ತಹಶೀಲ್ದಾರನಿಗೆ ದತ್ತಸಂಚಯಕ್ಕಿಂತ ಹೆಚ್ಚು ವಿಶ್ವಸನೀಯ ಸಾಕ್ಷ್ಯವಾಗಿ ಒದಗತಕ್ಕದ್ದು ಕಾನೂನಿನ ಬಲವನ್ನು ಕಳೆದುಕೊಂಡ ಆ ಕೈಬರೆಹವೇ.